ಟನ್ನಿನ ಲೆಕ್ಕ, ತಲೆಯ ಲೆಕ್ಕ: ‘ಟೊಯಾಮಾ ಮಾರು’ ಹಡಗಿನ ಮುಳುಗಡೆ (1944)

ಎರಡನೆಯ ಮಹಾಯುದ್ಧದ ಪೆಸಿಫಿಕ್ ಸಮರವನ್ನು ಕುರಿತ ಬರವಣಿಗೆ ಹೆಚ್ಚಾಗಿ ವಿಮಾನವಾಹಕ ನೌಕೆಗಳ ಸುತ್ತಲೇ ಸುತ್ತುತ್ತದೆ. ಸೈನಿಕರನ್ನು ತುಂಬಿಕೊಂಡು ಸಾಗಿದ ಸರಕು ಹಡಗುಗಳಿಗೆ ಅಲ್ಲಿ ಸಿಗುವುದು ಒಂದೆರಡು ಸಾಲು ಮಾತ್ರ. 1944ರ ಜೂನ್ 29ರಂದು ಟೊಕುನೊಶಿಮಾ ದ್ವೀಪದ ಬಳಿ ಮುಳುಗಿದ ಜಪಾನಿನ ‘ಟೊಯಾಮಾ ಮಾರು’ ಅಂಥ ಹಡಗುಗಳಲ್ಲೊಂದು. ಸಾವಿರಾರು ಮಂದಿ ಸತ್ತ ಈ ಘಟನೆಯನ್ನು ಗೆದ್ದವರು ಟನ್ನುಗಳಲ್ಲಿ ಎಣಿಸಿದರು, ಸೋತ ಸೇನೆ ತುಕಡಿಗಳಲ್ಲಿ ಎಣಿಸಿತು, ಸತ್ತವರ ಮನೆಯವರು ಹೆಸರುಗಳಲ್ಲಿ ಎಣಿಸಿದರು. ಈ ಮೂರು ಲೆಕ್ಕಗಳನ್ನು ಒಟ್ಟಿಗೆ ಇಟ್ಟು ನೋಡದೆ ಹಡಗಿನ ಚರಿತ್ರೆ ಪೂರ್ಣವಾಗದು ಎಂಬುದು ಈ ಲೇಖನದ ವಾದ.

ಹಡಗು ಮತ್ತು ಸಂದರ್ಭ

ಟೊಯಾಮಾ ಮಾರು ಸೈನಿಕರಿಗಾಗಿ ಕಟ್ಟಿದ ಹಡಗಲ್ಲ. ನಿಪ್ಪಾನ್ ಯೂಸೆನ್ ಕಂಪನಿಗೆಂದು ಮಿತ್ಸುಬಿಷಿಯ ನಾಗಾಸಾಕಿ ಕಾರ್ಖಾನೆಯಲ್ಲಿ 1915ರಲ್ಲಿ ಸಿದ್ಧವಾದ 7,089 ಟನ್ನಿನ ಸರಕು ಹಡಗು ಅದು. ಕೊನೆಯ ಯಾನದ ವೇಳೆಗೆ ಅದಕ್ಕೆ ಸುಮಾರು ಮೂವತ್ತು ವರ್ಷ. ಇಂಥ ಮುದಿ ಹಡಗುಗಳನ್ನೂ ಬಿಡದೆ ಬಳಸಬೇಕಾಗಿ ಬಂದದ್ದೇ ಆಗಿನ ಜಪಾನಿನ ಸ್ಥಿತಿಯನ್ನು ಹೇಳುತ್ತದೆ. ಹಡಗುಗಳ ಸಾಲಿಗೆ ಬೆಂಗಾವಲು ಕೊಡುವ ಕೆಲಸಕ್ಕೆಂದು ಅದರ ನೌಕಾಪಡೆ ಪ್ರತ್ಯೇಕ ಪ್ರಧಾನ ಕಚೇರಿ ತೆರೆದದ್ದು 1943ರ ನವೆಂಬರಿನಲ್ಲಿ, ಯುದ್ಧಕ್ಕೆ ಇಳಿದು ಎರಡು ವರ್ಷ ತುಂಬುತ್ತಿದ್ದಾಗ. ಅಷ್ಟರಲ್ಲಿ ಅಮೆರಿಕದ ಟಾರ್ಪೆಡೊಗಳ ಆರಂಭದ ದೋಷಗಳು ನಿವಾರಣೆಯಾಗಿದ್ದವು. ಹಡಗುಗಳ ಸಂಚಾರವನ್ನು ತಿಳಿಸುವ ಜಪಾನಿನ ಗೂಢಲಿಪಿಗಳನ್ನೂ ಅಮೆರಿಕದವರು ಓದತೊಡಗಿದ್ದರು.

ಓಕಿನಾವಾದ ರಕ್ಷಣೆಗಾಗಿ 32ನೇ ಸೇನೆಯನ್ನು ರಚಿಸಿದ್ದು 1944ರ ಮಾರ್ಚಿನಲ್ಲಿ. ಜೂನ್ 15ರಂದು ಅಮೆರಿಕನ್ನರು ಸೈಪಾನ್ ದ್ವೀಪಕ್ಕೆ ಕಾಲಿಟ್ಟರು. ಅದೇ ವಾರ ಫಿಲಿಪೀನ್ ಸಮುದ್ರದ ಕಾಳಗದಲ್ಲಿ ಜಪಾನಿನ ನೌಕಾ ವಾಯುಬಲ ನೆಲಕಚ್ಚಿತು. ಓಕಿನಾವಾಕ್ಕೆ ಸೈನ್ಯ ಸಾಗಿಸುವ ಅವಸರ ಹೆಚ್ಚಾಯಿತು. ಕ್ಯುಶು ಮತ್ತು ಶಿಕೊಕು ದ್ವೀಪಗಳಲ್ಲಿ ಕಲೆಹಾಕಿದ 44ನೇ ಸ್ವತಂತ್ರ ಮಿಶ್ರ ಬ್ರಿಗೇಡಿನ ಬಹುಪಾಲು ಸೈನಿಕರನ್ನು ಈ ಒಂದೇ ಹಡಗಿಗೆ ತುಂಬಲಾಯಿತು.

ಸಾವಿನ ಕಾರಣಗಳು

ಯುಎಸ್‌ಎಸ್ ಸ್ಟರ್ಜನ್ ಎಂಬ ಜಲಾಂತರ್ಗಾಮಿ ಎಂಟು ಹಡಗುಗಳ ಸಾಲಿನ ಮೇಲೆರಗಿ ಟೊಯಾಮಾ ಮಾರುವಿಗೆ ನಾಲ್ಕು ಟಾರ್ಪೆಡೊ ಹೊಡೆಯಿತು. ಆದರೆ ಸಾವಿನ ಪ್ರಮಾಣವನ್ನು ಟಾರ್ಪೆಡೊ ಒಂದರಿಂದಲೇ ವಿವರಿಸಲಾಗದು. ಜಪಾನಿನ ಸೈನಿಕ ಸಾಗಣೆ ಹಡಗುಗಳಲ್ಲಿ ಸರಕಿನ ಕೋಣೆಯ ಎತ್ತರವನ್ನು ಮರದ ಹಲಗೆಗಳಿಂದ ಅಂತಸ್ತುಗಳಾಗಿ ಸೀಳುತ್ತಿದ್ದರು. ಒಂದೊಂದು ಅಂತಸ್ತಿನಲ್ಲೂ ನೆಟ್ಟಗೆ ಕೂರಲು ಕಷ್ಟ. ಮೈಗೆ ಮೈ ತಾಗಿಸಿ ಮಲಗಬೇಕು. ಸೈನಿಕರೇ ಅದನ್ನು ರೇಷ್ಮೆಹುಳು ಸಾಕುವ ಅಟ್ಟಣೆಗೆ ಹೋಲಿಸುತ್ತಿದ್ದರು. ಅಲ್ಲಿಂದ ಮೇಲೆ ಬರಲು ಇದ್ದದ್ದು ಕಡಿದಾದ ಕೆಲವೇ ಏಣಿಗಳು. ಹಡಗು ವಾಲಿದರೆ, ದೀಪ ಆರಿದರೆ, ಏಣಿ ಕಳಚಿದರೆ ಒಳಗಿದ್ದವರಿಗೆ ದಾರಿಯೇ ಇಲ್ಲ.

ಟೊಯಾಮಾ ಮಾರುವಿನಲ್ಲಿ ಇದರ ಜೊತೆಗೆ ಇನ್ನೊಂದು ಅಪಾಯವೂ ಇತ್ತು: ಪೀಪಾಯಿಗಳಲ್ಲಿ ತುಂಬಿದ ಪೆಟ್ರೋಲು. ಸ್ಫೋಟಕ್ಕೆ ಅದು ಹೊತ್ತಿಕೊಂಡಿತು. ಹಡಗಿನೊಳಗೆ ಸಿಕ್ಕವರು ಮುಳುಗಿದರು. ಹಾರಿದವರ ಸುತ್ತ ನೀರಿನ ಮೇಲೆ ಬೆಂಕಿ ಹರಡಿತು. ಮನುಷ್ಯರನ್ನೂ ಇಂಧನವನ್ನೂ ಒಂದೇ ಮುದಿ ಹಡಗಿನಲ್ಲಿ ಸಾಗಿಸುವ ತೀರ್ಮಾನ ದಡದ ಮೇಲೆಯೇ ಆಗಿತ್ತು. ಈ ದುರಂತದ ಹೊಣೆಯನ್ನು ವಿಚಾರಿಸುವಾಗ ಆ ತೀರ್ಮಾನವನ್ನು ಟಾರ್ಪೆಡೊದಷ್ಟೇ ಗಂಭೀರವಾಗಿ ಪರಿಗಣಿಸಬೇಕು.

ತುಕಡಿಯ ಲೆಕ್ಕ

ಜಪಾನಿನ ಸೇನೆಗೆ ಇದು ಮುಖ್ಯವಾಗಿ ಭರ್ತಿ ಮಾಡಬೇಕಾದ ಒಂದು ಕೊರತೆ. ಜುಲೈನಲ್ಲಿ 15ನೇ ಸ್ವತಂತ್ರ ಮಿಶ್ರ ರೆಜಿಮೆಂಟನ್ನು ವಿಮಾನಗಳಲ್ಲಿ ಓಕಿನಾವಾಕ್ಕೆ ಸಾಗಿಸಲಾಯಿತು. ಬದುಕುಳಿದವರೊಂದಿಗೆ ಹೊಸಬರನ್ನು ಸೇರಿಸಿ ಬ್ರಿಗೇಡಿನ ಎರಡನೇ ಪದಾತಿ ಘಟಕವನ್ನು ಮತ್ತೆ ಕಟ್ಟಲಾಯಿತು. ಅದರಲ್ಲಿ ಓಕಿನಾವಾದಲ್ಲೇ ಸೇರಿಸಿಕೊಂಡ ಯುವಕರೂ ಇದ್ದರು. 1945ರ ಏಪ್ರಿಲಿನಲ್ಲಿ ಮೊಟೊಬು ಪರ್ಯಾಯ ದ್ವೀಪದ ಯಾಎದಾಕೆ ಬೆಟ್ಟದಲ್ಲಿ ಅಮೆರಿಕದ ಮರೀನ್ ಪಡೆಯನ್ನು ಎದುರಿಸಿದ್ದು ಕರ್ನಲ್ ಉಡೊ ತಾಕೆಹಿಕೊ ನೇತೃತ್ವದ ಈ ಘಟಕವೇ. ಮುಳುಗಿದವರ ಜಾಗವನ್ನು ಆ ನೆಲದ ಮಕ್ಕಳಿಂದ ತುಂಬಿಸಲಾಯಿತು. ಹಡಗಿನ ಚರಿತ್ರೆ ಹೀಗೆ ಓಕಿನಾವಾದ ಜನರ ಚರಿತ್ರೆಯೊಳಗೂ ಹೊಕ್ಕಿದೆ.

ಟೊಯಾಮಾ ಮಾರು ಮುಳುಗಿದ ಎರಡೇ ತಿಂಗಳೊಳಗೆ, 1944ರ ಆಗಸ್ಟ್ 22ರ ರಾತ್ರಿ, ನಿಪ್ಪಾನ್ ಯೂಸೆನ್ ಕಂಪನಿಯ ‘ತ್ಸುಶಿಮಾ ಮಾರು’ ಹಡಗನ್ನು ಯುಎಸ್‌ಎಸ್ ಬೋಫಿನ್ ಮುಳುಗಿಸಿತು. ಅದರಲ್ಲಿದ್ದವರು ಓಕಿನಾವಾದಿಂದ ಸ್ಥಳಾಂತರಗೊಳ್ಳುತ್ತಿದ್ದ ಶಾಲಾ ಮಕ್ಕಳು ಮತ್ತು ನಾಗರಿಕರು. 1,400ಕ್ಕೂ ಹೆಚ್ಚು ಜನ ಸತ್ತರು. ಬದುಕುಳಿದವರು ಬಾಯಿ ಬಿಡಬಾರದೆಂದು ಕಟ್ಟಪ್ಪಣೆಯಾಯಿತು. ಹಡಗುಗಳು ಎಷ್ಟು ಅರಕ್ಷಿತವೆಂಬುದನ್ನು ಬಲ್ಲ ಸರ್ಕಾರ ಆ ಅರಿವನ್ನು ಪ್ರಯಾಣಿಕರ ಪಾಲಿಗೆ ಬರಗೊಡಲಿಲ್ಲ.

ಟನ್ನು ಮತ್ತು ಹೆಸರು

ಯುದ್ಧಾನಂತರ ಅಮೆರಿಕದ ಜಂಟಿ ಸೇನಾ–ನೌಕಾ ಮೌಲ್ಯಮಾಪನ ಸಮಿತಿ 1947ರಲ್ಲಿ ಪ್ರಕಟಿಸಿದ ಪಟ್ಟಿ ಇಂದಿಗೂ ಸಂಶೋಧಕರ ಮೂಲ ಆಕರ. ಅದರ ಪ್ರಕಾರ ಅಮೆರಿಕದ ಜಲಾಂತರ್ಗಾಮಿಗಳು 1,113 ವಾಣಿಜ್ಯ ಹಡಗುಗಳನ್ನು, ಅಂದರೆ ಸುಮಾರು 48 ಲಕ್ಷ ಟನ್ನುಗಳನ್ನು ಮುಳುಗಿಸಿದವು. ಅದರಲ್ಲಿರುವುದು ಹಡಗುಗಳ ಮತ್ತು ಟನ್ನುಗಳ ಗಣನೆ, ಜನರದಲ್ಲ. ಟೊಯಾಮಾ ಮಾರುವಿನ ಸತ್ತವರ ಸಂಖ್ಯೆಯಲ್ಲಿ ಇಂದಿಗೂ ಒಮ್ಮತವಿಲ್ಲ. ಇಂಗ್ಲಿಷ್ ಗ್ರಂಥಗಳು ಸಾಮಾನ್ಯವಾಗಿ 5,000ಕ್ಕೂ ಹೆಚ್ಚು ಎನ್ನುತ್ತವೆ. ಜಪಾನಿನ ಸ್ಮಾರಕ ಪರಂಪರೆ ಸುಮಾರು 3,700 ಎನ್ನುತ್ತದೆ. ಹೆಸರು ಹಿಡಿದು ಎಣಿಸಿದ ಈ ಎರಡನೆಯ ಸಂಖ್ಯೆಗೆ ಹೆಚ್ಚಿನ ತೂಕ ಕೊಡುವುದು ಸರಿಯಾದ ಕ್ರಮ. ಯಾವ ಅಂಕಿಯನ್ನು ಒಪ್ಪಿದರೂ ಇದು ಸಾಗರ ಚರಿತ್ರೆಯ ಅತಿ ಘೋರ ದುರಂತಗಳಲ್ಲೊಂದು.

ಇದೇ ಸ್ಟರ್ಜನ್ ಎರಡು ವರ್ಷ ಹಿಂದೆ, 1942ರ ಜುಲೈ 1ರಂದು, ‘ಮಾಂಟೆವಿಡಿಯೊ ಮಾರು’ ಹಡಗನ್ನು ಮುಳುಗಿಸಿತ್ತು. ರಬೌಲ್‌ನಿಂದ ಹೊರಟ ಅದರಲ್ಲಿ ಜಪಾನ್ ಸೆರೆಹಿಡಿದ ಸಾವಿರಕ್ಕೂ ಹೆಚ್ಚು ಕೈದಿಗಳಿದ್ದರು, ಬಹುಪಾಲು ಆಸ್ಟ್ರೇಲಿಯದವರು. ಅದು ಜಲಾಂತರ್ಗಾಮಿಗೆ ಗೊತ್ತಿರಲಿಲ್ಲ. ಕೈದಿಗಳ ಪಟ್ಟಿಯನ್ನು ಜಪಾನ್ ಆಸ್ಟ್ರೇಲಿಯಕ್ಕೆ ಒಪ್ಪಿಸಿದ್ದು 2012ರಲ್ಲಿ. ಹಡಗಿನ ಅವಶೇಷ ಸಿಕ್ಕಿದ್ದು 2023ರಲ್ಲಿ. ಟನ್ನಿನ ಲೆಕ್ಕದಲ್ಲಿ ಇವೆರಡೂ ಸರಿಸುಮಾರು ಒಂದೇ ಗಾತ್ರದ ಗೆಲುವುಗಳು. ಒಂದರಲ್ಲಿ ಶತ್ರು ಸೈನಿಕರಿದ್ದರು, ಇನ್ನೊಂದರಲ್ಲಿ ಸ್ವಂತ ಪಕ್ಷದವರಿದ್ದರು ಎಂಬ ವ್ಯತ್ಯಾಸ ಆ ಅಂಕಣಗಳಲ್ಲಿ ಕಾಣುವುದೇ ಇಲ್ಲ.

ಜಲಾಂತರ್ಗಾಮಿ ಯುದ್ಧದ ಪರಿಣಾಮವನ್ನು ಅಳೆಯಲು ಟನ್ನು ಬೇಕು, ಅದನ್ನು ಅಲ್ಲಗಳೆಯುವಂತಿಲ್ಲ. ಜಪಾನ್ ಸೋತದ್ದರಲ್ಲಿ ಹಡಗುಗಳ ನಾಶದ ಪಾಲು ದೊಡ್ಡದು. ಆದರೆ ಯಾರನ್ನು, ಯಾವುದರ ಜೊತೆ, ಎಂಥ ಹಡಗಿನಲ್ಲಿ, ಏನನ್ನು ಮುಚ್ಚಿಟ್ಟು ಸಾಗಿಸಿದರು ಎಂಬ ಪ್ರಶ್ನೆಗಳಿಗೆ ಟನ್ನಿನಲ್ಲಿ ಉತ್ತರವಿಲ್ಲ. ಅವಕ್ಕೆ ಉತ್ತರ ಹುಡುಕಬೇಕಾದದ್ದು ತುಕಡಿಗಳ ದಾಖಲೆಗಳಲ್ಲಿ ಮತ್ತು ಮೃತರ ಮನೆಯವರು ಉಳಿಸಿಕೊಂಡ ಹೆಸರಿನ ಪಟ್ಟಿಗಳಲ್ಲಿ. ಸೈನಿಕ ಸಾಗಣೆ ಹಡಗುಗಳ ಮುಂದಿನ ಅಧ್ಯಯನಗಳು ಅಲ್ಲಿಂದಲೇ ಮೊದಲಾಗಬೇಕು.