ಮೋನಾ ದ್ವೀಪದ ಗುಹೆಗಳು

ನಮ್ಮ ದೇಶದ ಹೆಸರು, ನಮಗೆ ಯಾವ ಸಂಬಂಧವೂ ಇಲ್ಲದ ಒಂದು ಜನಾಂಗಕ್ಕೆ ಅಂಟಿಕೊಂಡ ಕಥೆ ಶ್ರೋತೃಗಳಿಗೆ ತಿಳಿದದ್ದೇ. ಇಂಡಿಯದ ಕಡೆಯ ಜಲಮಾರ್ಗವನ್ನು ಅರಸುತ್ತ ಹೊರಟ ಕೊಲಂಬಸನು ೧೪೯೨ರಲ್ಲಿ ಕ್ಯಾರಿಬ್ಬಿಯನ್ ದ್ವೀಪಗಳನ್ನು ಕಂಡು, ಅಲ್ಲಿಯ ಜನರನ್ನು ಇಂಡಿಯನರೆಂದು ಕರೆದನು. ಅವರ ವಿಷಯವಾಗಿ ಸ್ಪೇನಿನವರು ಬರೆದುದು ಬಹಳ. ಆದರೆ ಆ ತೈನೊ ಜನರಿಗೆ ಲಿಪಿ ಇರಲಿಲ್ಲ. ಅವರ ಕೈಬರಹವೆಂದು ಹೇಳತಕ್ಕುದು ಏನಾದರೂ ಉಳಿದಿದ್ದರೆ, ಅದು ಮುಖ್ಯವಾಗಿ ಬಂಡೆಗಳ ಮೇಲೆಯೂ ಗವಿಗಳ ಗೋಡೆಗಳ ಮೇಲೆಯೂ ಉಳಿದಿದೆ. ಅಂಥ ಗವಿಗಳನ್ನು ನೋಡುವುದಕ್ಕಾಗಿ ನಾವು ಈಗ ಮೋನಾ ದ್ವೀಪಕ್ಕೆ ಹೋಗೋಣ.

ಪ್ಯುಯೆರ್ಟೊ ರಿಕೊ ಮತ್ತು ಹಿಸ್ಪಾನಿಯೋಲಾ ದ್ವೀಪಗಳ ನಡುವಣ ಕಡಲಿನಲ್ಲಿ ಮೋನಾ ಇದೆ. ಅದರ ವಿಸ್ತಾರ ಸುಮಾರು ೨೨ ಚದರ ಮೈಲಿ. ಇಂದು ಅಲ್ಲಿ ಊರಿಲ್ಲ, ಕೇರಿಯಿಲ್ಲ. ಕಾವಲಿನವರನ್ನೂ ಅಪ್ಪಣೆ ಪಡೆದು ಬರುವ ಯಾತ್ರಿಕರನ್ನೂ ಬಿಟ್ಟರೆ, ಉಡದಂಥ ದೊಡ್ಡ ಇಗ್ವಾನಾಗಳದೇ ರಾಜ್ಯ. ದ್ವೀಪವೆಲ್ಲ ಸುಣ್ಣಕಲ್ಲು, ಅದರಲ್ಲಿ ಸುಮಾರು ೨೦೦ ಗುಹೆಗಳುಂಟು. ಇವು ಉಂಟಾದ ಬಗೆಯೂ ವಿಚಿತ್ರವೇ. ಕಲ್ಲಿನೊಳಗೆ ಇಳಿದ ಮಳೆಯ ಸಿಹಿನೀರು ಸಮುದ್ರದ ಉಪ್ಪುನೀರಿನ ಮೇಲೆ ತೇಲಿ ನಿಲ್ಲುತ್ತದೆ. ಇನ್ನು ಸುಣ್ಣವನ್ನು ಕರಗಿಸಲಾರವೆಂಬಷ್ಟು ತೃಪ್ತವಾದ ಎರಡು ನೀರುಗಳು ಸಹ, ಒಂದರೊಡನೊಂದು ಬೆರೆತಾಗ, ಮತ್ತೆ ಕಲ್ಲನ್ನು ತಿನ್ನುವ ಶಕ್ತಿಯನ್ನು ಪಡೆಯುತ್ತವೆ. ಹೀಗೆ ತೀರದ ಉದ್ದಕ್ಕೂ ಕೊಠಡಿಗಳು ಕೊರೆದುಹೋದುವು. ನೆಲ ಮೇಲೆದ್ದ ಮೇಲೆ ಅವು ಕಡಿದಾದ ಬಂಡೆಗಳಲ್ಲಿ ಬಾಯಿ ತೆರೆದುವು.

ನದಿಯಿಲ್ಲದ ಈ ದ್ವೀಪದಲ್ಲಿ ಬತ್ತದ ನೀರು ದೊರೆಯುತ್ತಿದ್ದುದು ಗುಹೆಗಳಲ್ಲಿಯೇ. ಆದರೆ ತೈನೊ ಜನರು ಬರಿಯ ನೀರಿಗಾಗಿ ಒಳಹೊಕ್ಕವರಲ್ಲ. ಕೊಲಂಬಸನ ಆಜ್ಞೆಯಂತೆ ಹಿಸ್ಪಾನಿಯೋಲಾದಲ್ಲಿ ಅವರ ನಡುವೆ ವಾಸಿಸಿದ ರಮೋನ್ ಪಾನೆ ಎಂಬ ಸಂನ್ಯಾಸಿ ಅವರ ನಂಬಿಕೆಗಳನ್ನು ಬರೆದಿಟ್ಟನು. ಆ ಮೂಲಪ್ರತಿ ನಷ್ಟವಾಗಿದೆ. ಇಟಾಲಿಯನ್ ಅನುವಾದವೊಂದು ಉಳಿದಿದೆ. ಮೊದಲ ಮನುಷ್ಯರು ಒಂದು ಗುಹೆಯಿಂದ ಹೊರಬಂದರು, ಸೂರ್ಯಚಂದ್ರರು ಇನ್ನೊಂದು ಗುಹೆಯಿಂದ ಹೊರಬಂದರು ಎಂಬುದು ಅವರ ಪುರಾಣ. ಹಾಗಾದರೆ ಅವರಿಗೆ ಗುಹೆಯೆಂಬುದು ಕತ್ತಲೆಯ ಸ್ಥಾನವಲ್ಲ, ಬೆಳಕಿನ ತೌರುಮನೆ. ಮೋನಾದಲ್ಲಿ ಹಗಲಿನ ಬೆಳಕು ತಲುಪದ ಒಳಕೋಣೆಗಳಲ್ಲಿ, ಬೆಣ್ಣೆಯಂತೆ ಮೆತ್ತಗಿರುವ ಗೋಡೆಯ ಪದರವನ್ನು ಬೆರಳುಗಳಿಂದಲೇ ಗೀರಿ, ಅವರು ಮುಖಗಳನ್ನೂ ಪ್ರಾಣಿಗಳನ್ನೂ ಸುರುಳಿಗೆರೆಗಳನ್ನೂ ಬರೆದರು. ಇದ್ದಲು, ಬಾವಲಿಯ ಹಿಕ್ಕೆ ಮುಂತಾದುವುಗಳಿಂದ ಬಣ್ಣವನ್ನೂ ಮಾಡಿಕೊಂಡರು.

೧೪೯೪ರಲ್ಲಿ ಕೊಲಂಬಸನೂ ೧೫೦೮ರಲ್ಲಿ ಪೋನ್ಸೆ ದ ಲಿಯೋನನೂ ಇಲ್ಲಿಗೆ ಬಂದರು. ಇಲ್ಲಿಯ ಜನ ಬೆಳೆದ ಮರಗೆಣಸಿನ ರೊಟ್ಟಿ ಸ್ಪೇನಿನವರ ಹಡಗುಗಳಿಗೂ ಪ್ಯುಯೆರ್ಟೊ ರಿಕೊದ ಚಿನ್ನದ ಗಣಿಗಳಿಗೂ ಆಹಾರವಾಯಿತು. ಬಲಾತ್ಕಾರದ ದುಡಿಮೆಯೂ ಹೊಸ ರೋಗಗಳೂ ಆ ದ್ವೀಪಗಳ ಜನರನ್ನು ಎರಡು ಮೂರು ತಲೆಮಾರುಗಳಲ್ಲಿ ಎಷ್ಟು ಕ್ಷೀಣಗೊಳಿಸಿದುವೆಂಬುದನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ.

೨೦೧೩ರಿಂದ ಈಚೆಗೆ ಜಾಗೋ ಕೂಪರ್, ಆಲಿಸ್ ಸ್ಯಾಮ್ಸನ್ ಮೊದಲಾದ ಪಂಡಿತರು ಈ ಗುಹೆಗಳನ್ನು ಕ್ರಮವಾಗಿ ಶೋಧಿಸಿ, ೨೦೧೬ರಲ್ಲಿ ಒಂದು ಆಶ್ಚರ್ಯಕರವಾದ ವರದಿಯನ್ನು ಪ್ರಕಟಿಸಿದರು. ಅವರು ೧೮ನೆಯ ಸಂಖ್ಯೆ ಕೊಟ್ಟ ಗುಹೆಯಲ್ಲಿ ತೈನೊ ಚಿತ್ರಗಳ ಬಳಿಯಲ್ಲಿಯೇ ಲ್ಯಾಟಿನ್ ಮತ್ತು ಸ್ಪ್ಯಾನಿಷ್ ಭಾಷೆಯ ಬರಹಗಳೂ ಶಿಲುಬೆಗಳೂ ಸೇರಿ ೩೦ಕ್ಕೂ ಹೆಚ್ಚಾಗಿ ಕಂಡುಬಂದುವು. ಒಂದು ಯೋಹಾನನ ಸುವಾರ್ತೆಯ ವಾಕ್ಯ. ಇನ್ನೊಂದರ ಅರ್ಥ, ದೇವರು ಅನೇಕವನ್ನು ಸೃಷ್ಟಿಸಿದನು ಎಂದು. ಇದು ಯಾವ ಗ್ರಂಥದಿಂದಲೂ ಎತ್ತಿದ ಮಾತಾಗಿ ತೋರುವುದಿಲ್ಲ, ಕಂಡವನ ಬಾಯಿಂದ ತಾನಾಗಿ ಹೊರಟ ಉದ್ಗಾರದಂತಿದೆ. ೧೫೫೦ ಎಂಬ ಇಸವಿಯೂ ಇದೆ. ಫ್ರಾನ್ಸಿಸ್ಕೊ ಅಲೆಗ್ರೆ ಎಂಬವನ ರುಜುವೂ ಇದೆ. ಇವನು ಸ್ಪೇನಿನಿಂದ ಬಂದು ಪ್ಯುಯೆರ್ಟೊ ರಿಕೊದಲ್ಲಿ ರಾಜಾಧಿಕಾರಿಯಾಗಿದ್ದವನು.

ಈ ಬರಹಗಾರರು ಹಳೆಯ ಚಿತ್ರಗಳನ್ನು ಅಳಿಸಲಿಲ್ಲವೆಂಬುದು ಗಮನಾರ್ಹ. ಬೇರೆಡೆ ಅವರ ದೇಶೀಯರು ವಿಗ್ರಹಗಳನ್ನು ಸುಟ್ಟರು. ಇಲ್ಲಿ ಪಕ್ಕದಲ್ಲಿ ಬರೆದು ಹೋದರು. ಆ ಕತ್ತಲೆಯ ಹಾದಿಯಲ್ಲಿ ದಾರಿ ತೋರಿದವರು ತೈನೊ ಜನರೇ ಇರಬೇಕೆಂದು ಪಂಡಿತರು ಊಹಿಸುತ್ತಾರೆ. ಇದನ್ನು ಎರಡು ಧರ್ಮಗಳ ಸಂವಾದವೆಂದು ಕೆಲವರು ಕೊಂಡಾಡುವರು. ನಮಗೆ ಆ ಮಾತು ಸ್ವಲ್ಪ ಅವಸರದ್ದಾಗಿ ತೋರುತ್ತದೆ. ಆಳಿನ ಮನೆಯ ದೇವರಕೋಣೆಯೊಳಕ್ಕೆ ಒಡೆಯನು ಬಂದು ಬೆರಗಾಗಿ ನಿಂತ ಮಾತ್ರಕ್ಕೆ ಅವರಿಬ್ಬರೂ ಸಮಾನರಾಗಲಿಲ್ಲ. ಆದರೂ ಆ ಬೆರಗು ಸುಳ್ಳಲ್ಲ. ಅದನ್ನು ಇತಿಹಾಸಕಾರನು ಲೆಕ್ಕಕ್ಕೆ ಹಿಡಿಯದೆ ಬಿಡುವುದೂ ನ್ಯಾಯವಲ್ಲ.

ಮುಂದೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಾವಲಿಯ ಹಿಕ್ಕೆಗೆ ಗೊಬ್ಬರವಾಗಿ ಬೆಲೆ ಬಂದಿತು. ಕೂಲಿಕಾರರು ಹಲವು ಗುಹೆಗಳ ನೆಲವನ್ನೇ ತೋಡಿ ಹಡಗಿಗೆ ತುಂಬಿದರು. ಚಿತ್ರಕಾರನಿಗೆ ಬಣ್ಣವಾಗಿದ್ದ ವಸ್ತು ಹೊಲಗಳ ಪಾಲಾಯಿತು. ಹದಿನೆಂಟನೆಯ ಗುಹೆಯಲ್ಲಾದರೋ ಗೋಡೆ ಉಳಿಯಿತು. ಅದರ ಮೇಲೆ ಸ್ಪ್ಯಾನಿಷ್ ಭಾಷೆಯ ಇನ್ನೊಂದು ಸಾಲಿದೆ: ದೇವರು ನಿನ್ನನ್ನು ಕ್ಷಮಿಸಲಿ. ಯಾರನ್ನು ಎಂದು ಬರೆದವನು ಹೇಳಿಲ್ಲ.