ಅಟ್ಟದ ಮೇಲಿನ ಕ್ಯಾಸೆಟ್ಟು

ಗುಬ್ಬಿ ಎಂದರೆ ನಾಟಕ ಎನ್ನುವುದು ನಮ್ಮ ಜಿಲ್ಲೆಯ ಮಕ್ಕಳಿಗೂ ಗೊತ್ತು. 1884ರಲ್ಲಿ ಹುಟ್ಟಿದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯ ಮಾತು ತರಗತಿಯಲ್ಲಿ ಬಂದಾಗಲೆಲ್ಲ ಒಬ್ಬಿಬ್ಬರಾದರೂ ಕೈ ಎತ್ತಿ, "ಸ್ಟೇಜಿನ ಮೇಲೆ ನಿಜವಾದ ಆನೆ ಬರ್ತಿತ್ತಂತೆ ಮಿಸ್, ನಮ್ಮ ಮುತ್ತಾತ ನೋಡಿದ್ರಂತೆ" ಎನ್ನುತ್ತಾರೆ. ಕುರುಕ್ಷೇತ್ರ ನಾಟಕದ ಆನೆ ಅದು. ನೋಡಿದವರು ಹೋದರೂ ಆನೆ ಇನ್ನೂ ಉಳಿದಿದೆ, ಬಾಯಿಂದ ಬಾಯಿಗೆ.

ಆದರೆ ಗುಬ್ಬಿ ವೀರಣ್ಣನವರು ಸಿನಿಮಾಗೆ ಮಾತು ಬರುವ ಮೊದಲೇ, 1930ರ ಆಸುಪಾಸಿನಲ್ಲಿ, ಮೂಕಿ ಚಿತ್ರಗಳನ್ನೂ ತೆಗೆದಿದ್ದರು ಎಂದರೆ ಮಕ್ಕಳು ನನ್ನ ಮುಖ ನೋಡುತ್ತಾರೆ. 'ಹರಿಮಾಯ', 'ಹಿಸ್ ಲವ್ ಅಫೇರ್' ಎಂಬ ಹೆಸರುಗಳನ್ನು ಹೇಳಿದರೆ, "ಯೂಟ್ಯೂಬಲ್ಲಿ ಇದೆಯಾ ಮಿಸ್?" ಎಂಬುದೇ ಮೊದಲ ಪ್ರಶ್ನೆ. ಇಲ್ಲ. ಯೂಟ್ಯೂಬಲ್ಲಿ ಮಾತ್ರವಲ್ಲ, ಇಂದು ಎಲ್ಲಿಯೂ ನೋಡಲು ಸಿಗುವುದಿಲ್ಲ. ಅಷ್ಟೇಕೆ, 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡ ನಮ್ಮ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನಾ' ಕೂಡ ಇಲ್ಲ. ಒಂದು ಭಾಷೆ ತೆರೆಯ ಮೇಲೆ ಮೊದಲು ಆಡಿದ ಮಾತು ಹೇಗಿತ್ತೆಂದು ಕೇಳಲು ನಮಗೆ ಒಂದು ಪ್ರತಿಯೂ ಉಳಿದಿಲ್ಲ.

ಹೇಗೆ ಹೋದವು ಎಂದರೆ ಯಾರೋ ದುಷ್ಟರು ಸುಟ್ಟದ್ದಲ್ಲ. ಆ ಕಾಲದ ಫಿಲ್ಮನ್ನು ನೈಟ್ರೇಟ್ ಎಂಬ ವಸ್ತುವಿನಿಂದ ಮಾಡುತ್ತಿದ್ದರು. ಸೆಖೆಗೆ ಕೊಳೆಯುತ್ತದೆ, ಬೆಂಕಿ ತಗುಲಿತೆಂದರೆ ಸಿಡಿಮದ್ದಿನಂತೆ ಉರಿಯುತ್ತದೆ. ಅದರ ಮೇಲಿನ ಚಿತ್ರ ಬೆಳ್ಳಿಯ ಕಣಗಳಿಂದ ಆದದ್ದು. ಸಿನಿಮಾ ಊರೂರು ಸುತ್ತಿ ಮುಗಿದ ಮೇಲೆ, ಗೀರು ಬಿದ್ದ ಡಬ್ಬಗಳನ್ನು ಇಟ್ಟುಕೊಂಡು ಏನು ಮಾಡುವುದೆಂದು ಬೆಳ್ಳಿಗಾಗಿ ಮಾರಿದವರು ದೇಶದಲ್ಲೆಲ್ಲ ಇದ್ದರು. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಹುಟ್ಟಿದ್ದು 1964ರಲ್ಲಿ. ಪಿ.ಕೆ. ನಾಯರ್ ಎಂಬ ಪುಣ್ಯಾತ್ಮರು ಊರೂರು ಅಲೆದು ಡಬ್ಬ ಹುಡುಕಲು ಶುರುಮಾಡುವ ಹೊತ್ತಿಗೆ ಮೂಕಿ ಯುಗ ಮುಗಿದು ಮೂವತ್ತು ವರ್ಷವಾಗಿತ್ತು. ಭಾರತದಲ್ಲಿ ತಯಾರಾದ 1300ಕ್ಕೂ ಹೆಚ್ಚು ಮೂಕಿ ಚಿತ್ರಗಳಲ್ಲಿ ಉಳಿದವು ಬೆರಳೆಣಿಕೆಯವು, ಅವುಗಳಲ್ಲೂ ಹಲವು ತುಂಡು ತುಂಡು. ಆಮೇಲಿನ ಗುಬ್ಬಿಯವರ ಪಾಲುದಾರಿಕೆಯ 'ಬೇಡರ ಕಣ್ಣಪ್ಪ' (1954) ಉಳಿದದ್ದರಿಂದ ರಾಜ್‌ಕುಮಾರರ ಮೊದಲ ನಾಯಕ ಪಾತ್ರವನ್ನಾದರೂ ನಾವು ನೋಡುವಂತಾಯಿತು.

ಈ ಪಾಠವನ್ನು ಎಷ್ಟೋ ವರ್ಷ ಮಾಡಿದ್ದೇನೆ. "ಎಂಥ ಅಲಕ್ಷ್ಯ ನೋಡಿ ಮಕ್ಕಳೇ" ಎಂದು ನಿಟ್ಟುಸಿರನ್ನೂ ಬಿಟ್ಟಿದ್ದೇನೆ. ಅದೇ ಅಲಕ್ಷ್ಯವನ್ನು 2006ರಲ್ಲಿ ನಮ್ಮ ಮನೆಯ ನಡುಮನೆಯಲ್ಲಿ ಕೂತು ನಾನೇ ಮಾಡಿದೆ ಎಂದು ತಿಳಿಯಲು ಹನ್ನೆರಡು ವರ್ಷ ಬೇಕಾಯಿತು.

ನನ್ನ ಮದುವೆ ಆದದ್ದು 1993ರ ಮೇ ತಿಂಗಳಲ್ಲಿ, ಕುಣಿಗಲ್‌ನಲ್ಲಿ, ನಮ್ಮ ತವರುಮನೆಯ ಮುಂದಿನ ಚಪ್ಪರದಲ್ಲಿ. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ನೆಪದಲ್ಲಿ ಬಣ್ಣದ ಟಿವಿ ಬಂತು, ಅದರ ಹಿಂದೆಯೇ ವಿಸಿಆರ್ ಬಂತು. ಹತ್ತು ವರ್ಷದಲ್ಲಿ ನಮ್ಮಂಥ ತಾಲ್ಲೂಕು ಊರುಗಳಿಗೂ ಮದುವೆ ವಿಡಿಯೋ ಬಂದಿತ್ತು. ಅದಕ್ಕೂ ಮುಂಚೆ ಮನೆಯ ಸಿನಿಮಾ ಇರಲಿಲ್ಲವೆಂದಲ್ಲ. 8 ಮಿಲಿಮೀಟರ್ ಫಿಲ್ಮು 1932ರಿಂದಲೇ ಇತ್ತು, ಆದರೆ ಅದು ಸಿರಿವಂತರ ಹವ್ಯಾಸ. ನಮಗೆ ಎಟುಕಿದ್ದು 1976ರಲ್ಲಿ ಜಪಾನಿನವರು ಹೊರತಂದ ವಿಎಚ್‌ಎಸ್ ಕ್ಯಾಸೆಟ್ಟೇ. ಹೆಗಲ ಮೇಲೆ ಕ್ಯಾಮರಾ ಹೊತ್ತವನೊಬ್ಬ, ಕಣ್ಣು ಕುಕ್ಕುವ ಹ್ಯಾಲೊಜೆನ್ ದೀಪ ಹಿಡಿದವನೊಬ್ಬ, ಅವನ ಹಿಂದೆ ವೈರು ಎತ್ತಿಕೊಂಡು ಓಡುವ ಹುಡುಗನೊಬ್ಬ. ಧಾರೆಯ ಹೊತ್ತಿಗೆ ಬಂಧುಗಳಿಗೆ ಕಂಡದ್ದು ಈ ಮೂವರ ಬೆನ್ನು.

ಚಪ್ಪರದ ದಿನ ಅರಿಶಿನ ಶಾಸ್ತ್ರಕ್ಕೆ ಅಮ್ಮ, ಚಿಕ್ಕಮ್ಮ, ಬೀದಿಯ ನಾಲ್ಕಾರು ಹೆಂಗಸರು ಸೋಬಾನೆ ಹಾಡಿದ್ದರು. ಅಮ್ಮ ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಅವಳ ಹಾಡು ಯಾವ ಪುಸ್ತಕದಲ್ಲೂ ಇದ್ದದ್ದಲ್ಲ. ಕುಣಿಗಲ್ ಎಂದರೆ ಕೆರೆಯ ಹಾಡಿನ ಊರು. ಆ ಹಾಡನ್ನು ನಾಡೆಲ್ಲ ಹಾಡುತ್ತದೆ. ಉಳಿದ ನೂರಾರು ಹಾಡುಗಳು ಅವರವರ ಅಮ್ಮಂದಿರ ಜೊತೆಯೇ ಹೋಗುತ್ತವೆ.

ಮದುವೆಯಾಗಿ ತಿಂಗಳ ಮೇಲೆ ಕ್ಯಾಸೆಟ್ ಬಂತು. ಎಲ್ಲರೂ ಟಿವಿ ಮುಂದೆ ಕೂತೆವು. ಪರದೆಯ ತುಂಬ ಹೃದಯದ ಆಕಾರಗಳು, ಅರಳುವ ಗುಲಾಬಿಗಳು, ನನ್ನ ಮುಖ ಎಲೆಯಂತೆ ಮಡಚಿಕೊಂಡು ಅಂಗಡಿ ಗಣೇಶನ ಪಟವಾಗುವುದು. ಅರಿಶಿನ ಶಾಸ್ತ್ರ ಬಂದಾಗ ಅಮ್ಮನ ಬಾಯಿ ಆಡುತ್ತಿತ್ತು, ಕೇಳುತ್ತಿದ್ದದ್ದು ಮಾತ್ರ ಹಿಂದಿ ಸಿನಿಮಾ ಹಾಡು. ಮಿಕ್ಸಿಂಗ್ ಎಂದು ಹೆಸರು ಅದಕ್ಕೆ. ಕ್ಯಾಸೆಟ್ಟಿನ ಟೇಪಿನಲ್ಲಿ ಚಿತ್ರ ಓರೆ ಗೆರೆಗಳಾಗಿ ಕೂತಿರುತ್ತದೆ, ಧ್ವನಿ ಅಂಚಿನಲ್ಲಿ ಸೆರಗಿನ ಕಸೂತಿಯಂತೆ ಬೇರೆಯೇ ಒಂದು ಪಟ್ಟಿಯಲ್ಲಿರುತ್ತದೆ. ಚಿತ್ರವನ್ನು ಹಾಗೇ ಬಿಟ್ಟು ಧ್ವನಿಯನ್ನಷ್ಟೇ ಒರೆಸಿ ಬೇರೆ ತುಂಬಬಹುದು. ಆ ದಶಕದ ಸಾವಿರಾರು ಮದುವೆಗಳಲ್ಲಿ ಹೆಂಗಸರ ದನಿ ಹೋದದ್ದು ಹೀಗೆ. ಹೆಚ್ಚಿನ ದುಡ್ಡು ಕೊಟ್ಟು ನಾವೇ ಮಾಡಿಸಿದ್ದು ಅದು. ಅಮ್ಮ ನೋಡಿ, "ಬಾಯಿ ನಮ್ದು, ಹಾಡು ಇನ್ಯಾರ್ದೋ" ಎಂದು ನಕ್ಕು ಒಳಗೆ ಹೋದಳು. ನಾನೂ ನಕ್ಕೆ. ಆಗ ಅದು ತಮಾಷೆಯಾಗಿ ಕಂಡಿತ್ತು.

2006ರ ಹೊತ್ತಿಗೆ ವಿಸಿಆರ್ ಕೆಟ್ಟು ಕೂತಿತ್ತು. ತುಮಕೂರಿನಲ್ಲಿ ಎಲ್ಲರೂ ಕ್ಯಾಸೆಟ್ಟನ್ನು ಸಿಡಿ ಮಾಡಿಸುತ್ತಿದ್ದರು, ನಾವೂ ಒಂದು ಅಂಗಡಿಯಲ್ಲಿ ಮಾಡಿಸಿದೆವು. ಥಳಥಳ ಹೊಳೆಯುವ ಮೂರು ಸಿಡಿಗಳು. ಇನ್ನು ಚಿಂತೆಯಿಲ್ಲ, ಇದು ಸವೆಯುವುದಿಲ್ಲ ಎಂದು ಅಂಗಡಿಯವರು ಹೇಳಿದರು. ನಾನು ನಂಬಿದೆ. ದೀಪಾವಳಿಯ ಸುಣ್ಣಬಣ್ಣಕ್ಕೆ ಮನೆ ಖಾಲಿ ಮಾಡುವಾಗ ಕ್ಯಾಸೆಟ್ಟನ್ನೂ ವಿಸಿಆರನ್ನೂ ಗುಜರಿಯವನಿಗೆ ಕೊಟ್ಟೆ. ಎಷ್ಟು ಕೊಟ್ಟನೋ ನೆನಪಿಲ್ಲ, ಬೆಳ್ಳಿಯ ಬೆಲೆಯಂತೂ ಅಲ್ಲ.

2011ರಲ್ಲಿ ಅಮ್ಮ ಹೋದಳು. 2018ರಲ್ಲಿ ಮಗಳು ಅಜ್ಜಿಯನ್ನು ನೋಡಬೇಕೆಂದು ಸಿಡಿ ಹಾಕಿದರೆ ಮೊದಲನೆಯದು ಗಿರ್ರೆಂದು ತಿರುಗಿ ನಿಂತಿತು. ಎರಡನೆಯದು ಚೌಕ ಚೌಕವಾಗಿ ಒಡೆದ ಚಿತ್ರ ತೋರಿಸಿ ಸ್ತಬ್ಧವಾಯಿತು. ಮೂರನೆಯದರಲ್ಲಿ ಊಟದ ಪಂಕ್ತಿ ಮಾತ್ರ ಇತ್ತು. ಆಮೇಲೆ ಓದಿ ತಿಳಿದೆ: ಅಂಗಡಿಯಲ್ಲಿ ಬರೆಯುವ ಇಂಥ ಸಿಡಿಯೊಳಗೆ ಒಂದು ಬಣ್ಣದ ಲೇಪವಿರುತ್ತದೆ, ಬೆಳಕಿಗೆ ಸೆಖೆಗೆ ಅದು ಮಾಸುತ್ತದೆ. ಕೈದಾಳದ ದೇವಸ್ಥಾನದಲ್ಲಿ 12ನೇ ಶತಮಾನದವರು ಕಲ್ಲಿನಲ್ಲಿ ಕೊರೆಸಿದ್ದನ್ನು ಇಂದಿಗೂ ಓದುತ್ತಾರೆ. ನನ್ನ ಸಿಡಿ ಹನ್ನೆರಡು ವರ್ಷ ಬಾಳಲಿಲ್ಲ. ಸಿನಿಮಾ ಡಬ್ಬ ಮಾರಿದ ಆ ಹಳೆಯ ಮಾಲೀಕರ ಮೇಲಿನ ನನ್ನ ಸಿಟ್ಟು ಅಂದು ಇಳಿಯಿತು. ವಸ್ತು ಕಳೆಯುವುದು ನಾವು ಅದನ್ನು ಮರೆತಾಗಲ್ಲ, ಅದರ ಕೆಲಸ ಮುಗಿಯಿತು, ಅದಕ್ಕಿಂತ ಒಳ್ಳೆಯದು ಕೈಗೆ ಬಂತು ಎಂದುಕೊಂಡಾಗ.

2024ರ ಬೇಸಿಗೆಯಲ್ಲಿ ಗುಬ್ಬಿಯ ಮನೆಯ ಹೆಂಚು ಇಳಿಸುತ್ತಿದ್ದರು. ನಾದಿನಿ ಫೋನು ಮಾಡಿ, "ಅತ್ತಿಗೆ, ಅಟ್ಟದ ಮೇಲೆ ಒಂದು ವಿಡಿಯೋ ಕ್ಯಾಸೆಟ್ ಸಿಕ್ಕಿದೆ, ಬೂಷ್ಟು ಹಿಡಿದದೆ, ಬಿಸಾಕ್ಲಾ?" ಎಂದಳು. ನಾನು ಕೂಗಿದ ರಭಸಕ್ಕೆ ಪಕ್ಕದ ಮನೆಯವರು ಬಂದರು. ಬೀಗರೂಟದ ದಿನ ಗುಬ್ಬಿಯಲ್ಲಿ ನೆಂಟರಿಗೆಲ್ಲ ತೋರಿಸಬೇಕೆಂದು ಮಾವನವರು ಹಟ ಹಿಡಿದು, ಮಿಕ್ಸಿಂಗ್ ಆಗುವ ಮೊದಲೇ ಅವಸರದಲ್ಲಿ ಒಂದು ಕಾಪಿ ಹಾಕಿಸಿಕೊಂಡಿದ್ದರು. ನಾನು ಅದನ್ನು ಪೂರ್ತಿ ಮರೆತಿದ್ದೆ.

ಕ್ಯಾಸೆಟ್ ಸಿಕ್ಕಿತು, ಹಾಕುವುದು ಎಲ್ಲಿ? ಜಗತ್ತಿನಲ್ಲಿ ಕೊನೆಯದಾಗಿ ವಿಸಿಆರ್ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲೇ ಕೈಬಿಟ್ಟಿತ್ತು. ಯುನೆಸ್ಕೋ 2019ರಲ್ಲಿ, ಟೇಪುಗಳಲ್ಲಿರುವುದನ್ನು 2025ರೊಳಗೆ ಇಳಿಸಿಕೊಳ್ಳದಿದ್ದರೆ ಬಹುಪಾಲು ಕೈತಪ್ಪುತ್ತದೆ, ಏಕೆಂದರೆ ಯಂತ್ರವೂ ಇರುವುದಿಲ್ಲ ರಿಪೇರಿ ಬಲ್ಲವರೂ ಇರುವುದಿಲ್ಲ ಎಂದು ಎಚ್ಚರಿಸಿತ್ತು. ನಮ್ಮ ಅದೃಷ್ಟಕ್ಕೆ ತುಮಕೂರಿನಲ್ಲಿ ರೇಡಿಯೋ ಕಾಲದ ಒಬ್ಬ ಹಿರಿಯ ಮೆಕ್ಯಾನಿಕ್ ಇನ್ನೂ ಎರಡು ವಿಸಿಆರ್ ಇಟ್ಟುಕೊಂಡಿದ್ದರು. ನಾನು ಕ್ಯಾಸೆಟ್ ಚಾಚಿದ ಕೂಡಲೇ, "ಮೇಡಂ, ಮನೇಲಿ ಎಲ್ಲಾದ್ರೂ ಹಾಕಿ ನೋಡಿದ್ರಾ?" ಎಂದರು. ಇಲ್ಲ ಎಂದದ್ದಕ್ಕೆ, "ಬದುಕಿದ್ರಿ" ಎಂದರು.

ಅವರು ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ, ಯಾರಿಗಾದರೂ ಬೇಕಾದೀತು. ಮೂರು ಗಂಟೆಯ ಕ್ಯಾಸೆಟ್ಟಿನಲ್ಲಿ ಸುಮಾರು 258 ಮೀಟರ್ ಟೇಪಿರುತ್ತದೆ. ಪ್ಲಾಸ್ಟಿಕ್ ಪಟ್ಟಿಯ ಮೇಲೆ ಕಬ್ಬಿಣದ ತುಕ್ಕಿನಂಥ ಪುಡಿಯನ್ನು ಅಂಟಿನಿಂದ ಕೂರಿಸಿರುತ್ತಾರೆ. ತೇವ ಕುಡಿದು ಅಂಟು ಸಡಿಲವಾದರೆ ಪುಡಿ ಉದುರುತ್ತದೆ, ಪುಡಿಯ ಜೊತೆಗೆ ಮದುವೆಯೂ. ಯಂತ್ರದೊಳಗಿನ ಡ್ರಮ್ಮು ನಿಮಿಷಕ್ಕೆ 1500 ಸುತ್ತು ತಿರುಗುತ್ತಿರುತ್ತದೆ. ಬೂಷ್ಟು ಹಿಡಿದ ಟೇಪು ಅದಕ್ಕೆ ಅಂಟಿಕೊಂಡರೆ ಟೇಪೂ ಹರಿಯುತ್ತದೆ, ಯಂತ್ರವೂ ಕೆಡುತ್ತದೆ, ಮುಂದೆ ಹಾಕಿದ ಕ್ಯಾಸೆಟ್ಟಿಗೂ ಬೂಷ್ಟು ಹತ್ತುತ್ತದೆ. ಅವರು ಐದು ಸ್ಕ್ರೂ ಬಿಚ್ಚಿ, ಸುರುಳಿಗಳನ್ನು ಬೇರೊಂದು ಚೊಕ್ಕ ಡಬ್ಬಿಗೆ ಕೂಸನ್ನು ತೊಟ್ಟಿಲಿಗೆ ಹಾಕುವಂತೆ ದಾಟಿಸಿದರು. ಮೆತ್ತನೆಯ ಬಟ್ಟೆಯಲ್ಲಿ ಟೇಪನ್ನು ಮೆಲ್ಲಗೆ ಒರೆಸುತ್ತ ಸುತ್ತಿದರು. ಬೂಷ್ಟಿನ ಧೂಳಿಗೆ ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದರು. ಎರಡು ದಿನದ ಕೆಲಸ.

ಆಮೇಲೆ ಅವರ ಮೊಮ್ಮಗ ವಿಸಿಆರಿನ ಹಳದಿ, ಬಿಳಿ ವೈರುಗಳನ್ನು ಒಂದು ಪುಟ್ಟ ಡಬ್ಬಿಯ ಮೂಲಕ ಕಂಪ್ಯೂಟರಿಗೆ ಸೇರಿಸಿದ. ಇದರಲ್ಲಿ ಅವಸರ ನಡೆಯುವುದಿಲ್ಲ. ಮೂರು ಗಂಟೆಯ ಕ್ಯಾಸೆಟ್ ಇಳಿಯಲು ಮೂರು ಗಂಟೆಯೇ ಬೇಕು. ನಾನು ಅಲ್ಲೇ ಸ್ಟೂಲಿನ ಮೇಲೆ ಕೂತೆ.

ಕಾಪಿಯ ಕಾಪಿಯಾದ್ದರಿಂದ ಬಣ್ಣ ತೆಳುವಾಗಿತ್ತು, ಆಗಾಗ ಹಿಮದಂಥ ಚುಕ್ಕಿ ಸುರಿಯುತ್ತಿತ್ತು. ಆದರೆ ಧ್ವನಿ ಇತ್ತು. ವಾಲಗ, ಪಾತ್ರೆಯ ಸದ್ದು, ಜನರೇಟರಿನ ಗುಡುಗು. ಅರಿಶಿನ ಶಾಸ್ತ್ರ ಬಂತು. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ನನ್ನ ಕೆನ್ನೆಗೆ ಅರಿಶಿನ ಹಚ್ಚುತ್ತ ಎತ್ತಿಕೊಂಡಳು ಹಾಡನ್ನು. ನಾಲ್ಕೇ ಸಾಲು. ಅಷ್ಟರಲ್ಲಿ ದೀಪದವನು, "ಅಮ್ಮಾ, ಹಾಡು ಸಾಕು, ಸ್ವಲ್ಪ ಈ ಕಡೆ ನೋಡಿ" ಎಂದ. ಅಮ್ಮ ನಿಲ್ಲಿಸಿ ಕ್ಯಾಮರಾ ನೋಡಿ ನಾಚಿ ನಕ್ಕಳು. ಮುಂದೆ ಅವಳ ಮುಖ ಹೆಚ್ಚು ಕಾಣುವುದಿಲ್ಲ. ಆದರೆ ಕ್ಯಾಮರಾ ಯಾರದೋ ಮೇಲೆ ಇರುವಾಗ ಹಿಂದಿನಿಂದ ಅವಳ ದನಿ ಕೇಳುತ್ತಲೇ ಇರುತ್ತದೆ: "ಏ, ಕೊಬ್ಬರಿ ಬಟ್ಲು ಎಲ್ಲಿಟ್ರೇ?" "ಗುಬ್ಬಿಯವ್ರಿಗೆ ಕಾಫಿ ಆಯ್ತಾ?" ಮೆಕ್ಯಾನಿಕ್ ನನ್ನ ಮುಂದೆ ಒಂದು ಲೋಟ ನೀರಿಟ್ಟು ಅಂಗಡಿಯ ಹೊರಗೆ ಹೋಗಿ ನಿಂತರು.

ಈ ಸಲ ಬುದ್ಧಿ ಬಂದಿದೆ. ಹೆಚ್ಚು ಕುಗ್ಗಿಸದೆ, ಗಂಟೆಗೆ 13 ಜಿಬಿಯಷ್ಟು ದೊಡ್ಡದಾಗಿ ಒಂದು ಮೂಲಪ್ರತಿ ಮಾಡಿಸಿದೆ. ಮೊಬೈಲಿಗೆಂದು ಸಣ್ಣದು ಬೇರೆ. ವಾಟ್ಸಾಪಿನಲ್ಲಿ ಬಂದದ್ದೇ ಮೂಲಪ್ರತಿ ಎಂದು ತಿಳಿದಿರುವವರು ನಮ್ಮ ಮನೆಯಲ್ಲೇ ಇದ್ದಾರೆ, ಅದು ಹಿಂಡಿದ ಬಟ್ಟೆ. ಒಂದು ಹಾರ್ಡ್ ಡಿಸ್ಕ್ ತುಮಕೂರಿನಲ್ಲಿ, ಒಂದು ಕುಣಿಗಲ್‌ನಲ್ಲಿ ಅಣ್ಣನ ಬೀರುವಿನಲ್ಲಿ, ಇನ್ನೊಂದು ಪ್ರತಿ ಮಗಳು ಅದೆಲ್ಲೋ ಇಂಟರ್ನೆಟ್ಟಿನ ಕಪಾಟಿನಲ್ಲಿ ಇಟ್ಟಿದ್ದಾಳೆ. ಪ್ರತಿ ಯುಗಾದಿಗೆ ಮೂರನ್ನೂ ತೆರೆದು ನೋಡುವುದು, ಐದಾರು ವರ್ಷಕ್ಕೊಮ್ಮೆ ಹೊಸ ಡಿಸ್ಕಿಗೆ ದಾಟಿಸುವುದು. ಉಪ್ಪಿನಕಾಯಿ ಜಾಡಿ ನೋಡಿಕೊಂಡಂತೆ ನೋಡಿಕೊಳ್ಳಬೇಕು. ಕ್ಯಾಸೆಟ್ಟು ಎಲ್ಲಿಗೂ ಹೋಗುವುದಿಲ್ಲ. ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿ ನೆಟ್ಟಗೆ ನಿಲ್ಲಿಸಿದ್ದೇನೆ.

ಹೋದ ಗೌರಿಹಬ್ಬಕ್ಕೆ ಕುಣಿಗಲ್‌ಗೆ ಹೋದಾಗ ಚಿಕ್ಕಮ್ಮನಿಗೆ ತೋರಿಸಿದೆ. ಅವಳಿಗೆ ಎಂಬತ್ತು ದಾಟಿದೆ, ಕಣ್ಣು ಮಂಜು. ಪರದೆ ನೋಡಲಿಲ್ಲ, ಕಿವಿಯನ್ನು ಮಾತ್ರ ಹತ್ತಿರ ತಂದಳು. ನಾಲ್ಕು ಸಾಲು ಮುಗಿಯಿತು, ದೀಪದವನು ಸಾಕು ಎಂದ.

"ಎರಡನೇ ಸಾಲು ತಪ್ಪು ಹೇಳವ್ಳೆ ಅಕ್ಕ. ಯಾವಾಗ್ಲೂ ಅಲ್ಲೇ ತಪ್ಪೋಳು" ಎಂದು ಚಿಕ್ಕಮ್ಮ ಗಂಟಲು ಸರಿಮಾಡಿಕೊಂಡಳು. ಮೊದಲಿನಿಂದ ಹಿಡಿದು, ಆ ದೀಪದವನು ನಿಲ್ಲಿಸಿದ ಜಾಗವನ್ನೂ ದಾಟಿ, ಹದಿನೆಂಟು ಸಾಲು ಹಾಡಿದಳು. ಮಗಳು ಮೊಬೈಲು ಒತ್ತಿದ್ದಳು. ಅಡುಗೆಮನೆಯಲ್ಲಿ ಕುಕ್ಕರ್ ಎರಡು ಸಲ ಕೂಗಿದ್ದೂ ಅದರಲ್ಲಿ ಬಂದಿದೆ.