ಕಿಣ್ವದ ಕಣ್ತಪ್ಪಿದ ಇತಿಹಾಸ

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದ ಕಾಡಂಚಿನ ಊರುಗಳಲ್ಲಿ ಸಿದ್ದಿಯರು ತಲೆಮಾರುಗಳಿಂದ ನೆಲೆಸಿದ್ದಾರೆ. ಅವರಾಡುವುದು ಕೊಂಕಣಿ, ಕನ್ನಡ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರೂ ಇದ್ದಾರೆ. ಪೋರ್ಚುಗೀಸರು ಗುಲಾಮರನ್ನಾಗಿ ಆಫ್ರಿಕದಿಂದ ಗೋವೆಗೆ ತಂದ ಜನರಲ್ಲಿ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಸಂತತಿ ಇವರೆಂಬುದು ಪ್ರಚಲಿತ ಅಭಿಪ್ರಾಯ. ಆದರೆ ಮನುಷ್ಯನನ್ನು ಸರಕೆಂದು ಎಣಿಸಿದವರು ಅವನ ಊರು, ಕುಲಗಳನ್ನು ಬರೆದಿಡುವ ಗೊಡವೆಗೆ ಹೋಗಲಿಲ್ಲ. ಹಾಗಿದ್ದರೆ ಅವರ ಮೂಲವನ್ನು ಹುಡುಕುವುದು ಎಲ್ಲಿ?

ದಾಖಲೆಯೊಂದು ಅವರ ಮೈಯೊಳಗೇ ಇತ್ತು. ನಾಲ್ಕೇ ಅಕ್ಷರಗಳ ಲಿಪಿಯಂತಿರುವ ಡಿಎನ್‌ಎ ದಿನವೂ ಕೆಡುತ್ತಿರುತ್ತದೆ. ಸೈಟೊಸಿನ್ ಎಂಬ ಅಕ್ಷರ ತಾನಾಗಿಯೇ ಯುರಾಸಿಲ್ ಆಗಿ ಮಾರ್ಪಡುವುದುಂಟು. ಈ ತಪ್ಪಕ್ಷರವನ್ನು ಹುಡುಕಿ ಕಿತ್ತೊಗೆಯುವ ಕಿಣ್ವವನ್ನು ಸ್ವೀಡನ್ನಿನ ಟೋಮಸ್ ಲಿಂಡಾಲ್ 1974ರಲ್ಲಿ ಗುರುತಿಸಿದರು. ಅದರ ಹೆಸರು ಯುರಾಸಿಲ್ ಡಿಎನ್‌ಎ ಗ್ಲೈಕೊಸಿಲೇಸ್. ತೆರವಾದ ಜಾಗದಲ್ಲಿ ಬೇರೆ ಕಿಣ್ವಗಳು ಸರಿಯಾದ ಅಕ್ಷರವನ್ನು ಕೂರಿಸಿ ಬೆಸೆಯುತ್ತವೆ. ಡಿಎನ್‌ಎ ದುರಸ್ತಿಯ ಸಂಶೋಧನೆಗಾಗಿ 2015ರಲ್ಲಿ ನೊಬೆಲ್ ಪಡೆದ ಮೂವರಲ್ಲಿ ಲಿಂಡಾಲ್ ಒಬ್ಬರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉಮೇಶ್ ವಾರ್ಷ್ಣೇಯ್ ಬ್ಯಾಕ್ಟೀರಿಯಾಗಳಲ್ಲಿ ಇದೇ ಕಿಣ್ವದ ಅಧ್ಯಯನ ನಡೆಸಿದ್ದಾರೆ.

ಎಷ್ಟೇ ಕಾವಲಿದ್ದರೂ ಕೆಲವು ತಪ್ಪುಗಳು ಉಳಿದುಬಿಡುತ್ತವೆ. ವೀರ್ಯಾಣುವಿನಲ್ಲೋ ಅಂಡಾಣುವಿನಲ್ಲೋ ಉಳಿದದ್ದು ಮಕ್ಕಳಿಗೆ ದಾಟುತ್ತದೆ. ಇಂಥವುಗಳಲ್ಲಿ ಹೆಚ್ಚಿನವು ನಿರುಪದ್ರವಿ. ಆದರೆ ಒಂದು ನಾಡಿನ ಜನರಲ್ಲಿ ಅವು ಹರಡಿಕೊಂಡಾಗ ಆ ನಾಡಿನ ಗುರುತಾಗುತ್ತವೆ.

ಹೈದರಾಬಾದಿನ ಕೋಶೀಯ ಮತ್ತು ಅಣು ಜೀವವಿಜ್ಞಾನ ಕೇಂದ್ರದ ಕೆ. ತಂಗರಾಜ್, ಲಾಲ್‌ಜಿ ಸಿಂಗ್ ಮತ್ತು ಸಂಗಡಿಗರು ಸಿದ್ದಿಯರಲ್ಲಿ ಇಂಥ ಲಕ್ಷಾಂತರ ಗುರುತುಗಳನ್ನು ಪರೀಕ್ಷಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ತಂದೆಯಿಂದ ಮಗನಿಗೆ ಬರುವ ವೈ ವರ್ಣತಂತು ಮತ್ತು ತಾಯಿಯಿಂದ ಬರುವ ಮೈಟೊಕಾಂಡ್ರಿಯ ಡಿಎನ್‌ಎ ಸಹಾರಾದ ದಕ್ಷಿಣದ ಬಂಟು ಭಾಷಿಕರತ್ತ ಬೊಟ್ಟುಮಾಡಿದವು. ಭಾರತೀಯ ಅಂಶವೂ ಕಂಡಿತು; ಪೋರ್ಚುಗೀಸ್ ಅಂಶ ಇರಬಹುದೆಂಬ ಸುಳಿವೂ ಸಿಕ್ಕಿತು. ಬೆರೆತ ಡಿಎನ್‌ಎ ತುಣುಕುಗಳು ತಲೆಮಾರು ಕಳೆದಂತೆ ಚಿಕ್ಕದಾಗುತ್ತ ಹೋಗುತ್ತವೆ. ಅವುಗಳ ಉದ್ದವೇ ಕಾಲದ ಅಳತೆಗೋಲು. ಸ್ಥಳೀಯರೊಡನೆ ಬೆರಕೆ ನಡೆದದ್ದು ಕಳೆದ ಎಂಟು ತಲೆಮಾರುಗಳಲ್ಲಿ, ಎಂದರೆ ಸುಮಾರು 200 ವರ್ಷಗಳೊಳಗೆ, ಎಂದು ಲೆಕ್ಕ ಹೇಳಿತು.

ಈ ದಾಖಲೆಗೂ ಮಿತಿಯುಂಟು. ಹಡಗು ಹತ್ತಿಸಿದವರ ಹೆಸರನ್ನಾಗಲಿ, ಬಿಟ್ಟುಬಂದ ಹಳ್ಳಿಯನ್ನಾಗಲಿ ಅದು ಹೇಳದು. ಯಾರು ಈ ನಾಡಿನವರೆಂದು ತೀರ್ಮಾನಿಸುವ ಅಧಿಕಾರವೂ ಅದಕ್ಕಿಲ್ಲ. ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ, ಈ ವರದಿಗೆ ಎಂಟು ವರ್ಷ ಮೊದಲು. ಅವರ ಹಕ್ಕಿಗೆ ಆಧಾರ ರಕ್ತಪರೀಕ್ಷೆಯಲ್ಲ, ಈ ಕಾಡಿನಲ್ಲಿ ಅವರು ಬಾಳಿ ಬಂದ ಬದುಕು.